ಪಟ್ಟಿಯಲ್ಲಿದ್ದೂ ಸಿಗದ ಸುರೇಶ್

ನಮ್ಮೂರ ಅಡಿಕೆ ಬೆಳೆಗಾರರ ಸಂಘಕ್ಕೆ ಒಂದು ಕೆಲಸ ಮಾಡಿಕೊಡಬೇಕಿತ್ತು. ಎರಡು ಎಕ್ಸೆಲ್ ಪಟ್ಟಿ. ಒಂದರಲ್ಲಿ ಸದಸ್ಯರ ಹೆಸರು, ವಿಳಾಸ. ಇನ್ನೊಂದರಲ್ಲಿ ಹೆಸರು, ಬರಬೇಕಾದ ಹಣ. ಎರಡನ್ನೂ ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಇರುವ ಸರಳ ಪಠ್ಯದ ಕಡತ) ಮಾಡಿ, ಹೆಸರು ಹೊಂದಿಸಿ, ಒಬ್ಬೊಬ್ಬರಿಗೂ ಚೀಟಿ ಮುದ್ರಿಸಬೇಕು. ತಿಂಡಿ ಹೊತ್ತಿಗೆ ಮುಗಿಯುತ್ತದೆ ಅಂದುಕೊಂಡು ಬೆಳಿಗ್ಗೆ ಕೂತೆ.

ಮೊದಲ ಚೀಟಿಯಲ್ಲೇ ತಪ್ಪು. 1,25,000 ಇರಬೇಕಾದ ಕಡೆ ಒಂದು ಕೋಟ್ ಗುರುತು, ಅದರ ಪಕ್ಕ 1. ಅಷ್ಟೇ. ಪೈಥಾನ್ ಭಾಷೆಯಲ್ಲಿ ಬರೆದ ನನ್ನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಕಾಮಾ ಕಂಡಲ್ಲೆಲ್ಲ ಸಾಲನ್ನು ಕತ್ತರಿಸುತ್ತಿತ್ತು (ಸ್ಪ್ಲಿಟ್). ಲಕ್ಷದ ಲೆಕ್ಕದಲ್ಲೇ ಎರಡು ಕಾಮಾ ಇರುತ್ತವೆ ಅಲ್ವಾ? ವಿಳಾಸದಲ್ಲಂತೂ ಇನ್ನೂ ಜಾಸ್ತಿ. ಅಂಥ ಕಡೆ ಎಕ್ಸೆಲ್ ಸುತ್ತಲೂ ಕೋಟ್ ಹಾಕಿರುತ್ತದೆ. ಸ್ಪ್ಲಿಟ್ ತೆಗೆದು, ಕೋಟ್ ಒಳಗಿನ ಕಾಮಾ ಮುಟ್ಟದ ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಹಾಕಿದೆ, ಸರಿಹೋಯಿತು.

ಆದರೆ 43 ಜನರಿಗೆ ಚೀಟಿಯೇ ಬರಲಿಲ್ಲ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಸುರೇಶ್ ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ಸ್ಕ್ರಿಪ್ಟ್ ಮಾತ್ರ ಇಬ್ಬರೂ ಬೇರೆ ಎನ್ನುತ್ತಿತ್ತು. ಕೊನೆಯಲ್ಲಿ ಸ್ಪೇಸ್ ಇರಬಹುದೆಂದು, ಅಂಚಿನ ಸ್ಪೇಸ್ ಅಳಿಸುವ ಸ್ಟ್ರಿಪ್ ಹಾಕಿದೆ. ಆಗಲಿಲ್ಲ.

ಊಟ ಆದಮೇಲೆ ಸಿಗದ ಹೆಸರುಗಳನ್ನು ಒಂದರ ಕೆಳಗೊಂದು ಬರೆದೆ. ಸುರೇಶ್, ಮಂಜುನಾಥ್, ಪ್ರಕಾಶ್, ದಿನೇಶ್. ಗೌರಮ್ಮ ಇಲ್ಲ, ತಿಮ್ಮಪ್ಪ ಇಲ್ಲ. ಎಲ್ಲವೂ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳೇ! ಗುಣಿತದ, ಅರ್ಧಾಕ್ಷರದ ಚಿಹ್ನೆಗಳನ್ನೂ ಒಂದೊಂದಾಗಿ ಎಣಿಸುವ ಕಂಪ್ಯೂಟರ್ ಲೆಕ್ಕದಲ್ಲಿ ಉದ್ದ ಅಳೆದೆ. ಒಂದು ಪಟ್ಟಿಯ ಸುರೇಶ್‌ಗೆ ಆರು, ಇನ್ನೊಂದರ ಸುರೇಶ್‌ಗೆ ಏಳು.

ಆ ಏಳನೆಯದು ಝೀರೋ ವಿಡ್ತ್ ನಾನ್ ಜಾಯ್ನರ್. ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ, ಅಗಲವೇ ಇಲ್ಲದ ಗುರುತು. ಕನ್ನಡ ಟೈಪ್ ಮಾಡುವ ಕೆಲವು ತಂತ್ರಾಂಶಗಳು ಅರ್ಧಾಕ್ಷರದ ಬೆನ್ನಿಗೇ ಇದನ್ನು ಸೇರಿಸುತ್ತವೆ. ಒಂದೊಂದು ಪಟ್ಟಿಯನ್ನು ಒಬ್ಬೊಬ್ಬರು ಟೈಪ್ ಮಾಡಿದ್ದರು. ಇದು ಸ್ಪೇಸ್ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಸ್ಟ್ರಿಪ್ ಮುಟ್ಟುವುದೂ ಇಲ್ಲ.

ಎಲ್ಲ ಕಡೆಯಿಂದ ಅಳಿಸಿದೆ. 43 ಚೀಟಿಯೂ ಬಂದವು. ಆದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗಿದ್ದರು. ಓದಿದರೆ ಶಬ್ದ ಒಂದೇ, ಆದರೆ ಅವರು ತಮ್ಮ ಹೆಸರನ್ನು ಹಾಗೆ ಬರೆಯುವುದಿಲ್ಲ. ವರ್ಷದ ದುಡಿಮೆಯ ಚೀಟಿ ಅದು. ಹೆಸರು ಅವರದೇ ರೀತಿಯಲ್ಲಿ ಇರಬೇಕು ಅನ್ನಿಸಿತು. ಮತ್ತೆ ಕೂತು ಬದಲಿಸಿದೆ. ಹೋಲಿಸುವುದಕ್ಕೆ ಮಾತ್ರ ಗುರುತು ತೆಗೆದ ನಕಲು, ಮುದ್ರಿಸುವುದಕ್ಕೆ ಮೂಲ ಹೆಸರು.

ಸಂಜೆ ಚೀಟಿಗಳ ಕಟ್ಟು ಕೊಡುವಾಗ ಕಾರ್ಯದರ್ಶಿಯವರನ್ನು ಒಂದೇ ಕೇಳಿಕೊಂಡೆ. ಮುಂದಿನ ವರ್ಷ ಎರಡೂ ಪಟ್ಟಿಯಲ್ಲಿ ಸದಸ್ಯ ಸಂಖ್ಯೆ ಬರೆಸಿ ಎಂದು.