ಗಲಾಟೆಗೆ 311, ಜೀವಕ್ಕೆ 911

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಈಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದೇನೆ. ಇಲ್ಲಿನ ಪೊಲೀಸರು ಅಂದರೆ ಊರಿನವರಿಗೆ ನೆನಪಾಗುವುದು ಬಂದೂಕು, ಸೈರನ್. ನನಗೆ ಹೇಳಬೇಕು ಅನಿಸುವುದು ಅದಕ್ಕಿಂತ ಚಿಕ್ಕ ವಿಷಯ: ಪಕ್ಕದ ಮನೆಯ ಸ್ಪೀಕರ್.

ಮಧ್ಯರಾತ್ರಿ ಮೇಲಿನ ಮಹಡಿಯಲ್ಲಿ ಪಾರ್ಟಿ ನಡೆದು ನಿದ್ದೆ ಬಾರದಿದ್ದರೆ ಇಲ್ಲಿ 911 ಒತ್ತಬಾರದು. ಅದು ಜೀವಕ್ಕೆ ಅಪಾಯ ಇದ್ದಾಗ ಮಾತ್ರ. ಗಲಾಟೆಗೆ 311. ನಗರಾಡಳಿತ 2003ರಲ್ಲಿ ಶುರು ಮಾಡಿದ ಸಂಖ್ಯೆ ಇದು. ಹೆಸರು ಹೇಳದೆಯೂ ದೂರು ಕೊಡಬಹುದು. ದೂರಿಗೊಂದು ನಂಬರ್ ಸಿಗುತ್ತದೆ, ಅದು ಆ ಪ್ರದೇಶದ ಠಾಣೆಗೆ ಹೋಗುತ್ತದೆ. ತುರ್ತು ಕೆಲಸ ಇಲ್ಲದಿದ್ದರೆ ಎಂಟು ಗಂಟೆಯೊಳಗೆ ಪೊಲೀಸರು ಬರಬೇಕು ಎಂಬುದು ಲೆಕ್ಕ. ಅಷ್ಟರಲ್ಲಿ ಪಾರ್ಟಿ ಮುಗಿದೇ ಹೋಗಿರುತ್ತದೆ ಅಲ್ವಾ? ಹೌದು, ಆ ಕೊರತೆ ಇದೆ. ಆದರೆ ದೂರು ಗಾಳಿಗೆ ಹೋಗುವುದಿಲ್ಲ. ಯಾವ ಬೀದಿಯಿಂದ ಎಂಥ ದೂರು ಬಂತು, ಅದಕ್ಕೆ ಏನು ಮಾಡಿದರು ಎಂಬುದೆಲ್ಲ ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ತೆಗೆದು ನೋಡಬಹುದು.

ನಾಯಿ ಬೊಗಳುವುದಕ್ಕೂ ಇಲ್ಲಿ ನಿಯಮ ಇದೆ. ಹಗಲು ಬಿಡದೆ ಹತ್ತು ನಿಮಿಷ, ರಾತ್ರಿ ಹತ್ತರ ಮೇಲೆ ಐದು ನಿಮಿಷ ಬೊಗಳಿದರೆ ತಪ್ಪು. ಅದನ್ನು ನೋಡಿಕೊಳ್ಳುವುದು ಪರಿಸರ ಇಲಾಖೆ.

ಇದರಲ್ಲಿ ನನ್ನ ಮನಸ್ಸಿಗೆ ತುಂಬಾ ಹಿಡಿಸಿದ್ದು ಭಾಷೆಯ ವಿಷಯ. 311ರಲ್ಲಿ 175ಕ್ಕೂ ಹೆಚ್ಚು ಭಾಷೆಗಳಿಗೆ ದುಭಾಷಿಗಳ ಸಹಾಯ ಸಿಗುತ್ತದೆ. ಇಂಗ್ಲಿಷ್ ಬಾರದ ಅಜ್ಜಿಯೂ ತನ್ನ ಮಾತಿನಲ್ಲೇ ಕಷ್ಟ ಹೇಳಿಕೊಳ್ಳಬಹುದು, ಜೊತೆಗೆ ಯಾರೂ ಬೇಡ. ನಮ್ಮಲ್ಲಿ ಠಾಣೆಗೆ ಹೋಗಬೇಕಾದರೆ ಮೊದಲು ಹುಡುಕುವುದೇ ಪರಿಚಯದವರನ್ನು. ಪಂಚಾಯತ್ ಮೆಂಬರ್, ರಾಜಕೀಯ ಪಾರ್ಟಿಯವರು, ಇಲ್ಲವೇ ಮಲಯಾಳದಲ್ಲಿ ಬರೆದುಕೊಡುವ ಯಾರಾದರೊಬ್ಬರು.

ಪ್ರತಿಭಟನೆಯ ವಿಷಯಕ್ಕೆ ಬಂದರೆ ಈ ನಗರವನ್ನು ಸುಮ್ನೆ ಹೊಗಳಲಾರೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ದಾರಿಹೋಕರಿಗೆ ಜಾಗ ಬಿಟ್ಟು ಫುಟ್‌ಪಾತಿನಲ್ಲಿ ಮೆರವಣಿಗೆ ಹೋದರೆ ಅನುಮತಿಯೇ ಬೇಡ. ಮೈಕ್ ಬೇಕಾದರೆ ಠಾಣೆಯಲ್ಲಿ 45 ಡಾಲರ್ ಕಟ್ಟಿ ಪರವಾನಗಿ ಪಡೆಯಬೇಕು. ಆದರೆ 2020ರ ಜೂನ್ 4ರಂದು ಬ್ರಾಂಕ್ಸ್‌ನ ಮಾಟ್ ಹೇವನ್‌ನಲ್ಲಿ, ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪರವಾಗಿ ಮೆರವಣಿಗೆ ಹೊರಟವರನ್ನು ಪೊಲೀಸರು ಎಲ್ಲ ಕಡೆಯಿಂದ ಸುತ್ತುವರಿದರು. ಹೊರಹೋಗಲು ದಾರಿ ಬಿಡದೆ, ಕರ್ಫ್ಯೂ ಗಂಟೆ ದಾಟಿತು ಎಂದು ಲಾಠಿ ಬೀಸಿ ಬಂಧಿಸಿದರು. ಜನ ಬಿಡಲಿಲ್ಲ, ಕೋರ್ಟಿಗೆ ಹೋದರು. ಅವತ್ತು ಸಿಕ್ಕಿಬಿದ್ದವರಿಗೆ ತಲಾ 21,500 ಡಾಲರ್ ಕೊಡಲು ನಗರ 2023ರಲ್ಲಿ ಒಪ್ಪಿತು. ಅದೇ ವರ್ಷ ಇನ್ನೊಂದು ಒಪ್ಪಂದವೂ ಆಯಿತು. ಜನರನ್ನು ಹೀಗೆ ಕೂಡಿಹಾಕುವಂತಿಲ್ಲ, ಪ್ರತಿಭಟನೆಗೆ ಪೊಲೀಸರು ನಾಲ್ಕು ಹಂತಗಳಲ್ಲಿ ಸ್ಪಂದಿಸಬೇಕು, ಮೊದಲ ಹಂತದಲ್ಲೇ ಬಲ ತೋರಿಸಬಾರದು ಎಂದು. ಪೊಲೀಸರು ತಾವಾಗಿ ಬದಲಾದದ್ದಲ್ಲ. ಆ ರಾತ್ರಿಯ ವಿಡಿಯೊ, ದಾಖಲೆ ಎಲ್ಲ ಜನರ ಹತ್ತಿರ ಇತ್ತು.

ನಮ್ಮೂರಿಗೂ ಪ್ರತಿಭಟನೆ ಹೊಸದಲ್ಲ. ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದ್ದರ ವಿರುದ್ಧ 2017ರಲ್ಲಿ ಕನ್ನಡಿಗರು ವಿದ್ಯಾನಗರದ ಜಿಲ್ಲಾಧಿಕಾರಿ ಕಚೇರಿಗೆ ಮುತ್ತಿಗೆ ಹಾಕಿದ್ದು ನಿಮಗೆಲ್ಲ ನೆನಪಿದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನರಳಿದ ಮಕ್ಕಳ ತಾಯಂದಿರು ಬೀದಿಯಲ್ಲಿ ಕುಳಿತದ್ದನ್ನೂ ಯಾರೂ ಮರೆತಿಲ್ಲ. ಬೀದಿಗೆ ಇಳಿಯುವುದನ್ನು ನಾವು ಇಲ್ಲಿಯವರಿಂದ ಕಲಿಯಬೇಕಾಗಿಲ್ಲ. ದಿನನಿತ್ಯದ ಸಣ್ಣ ಕಿರಿಕಿರಿಯಲ್ಲೇ ನಾವು ಸುಮ್ಮನಾಗಿಬಿಡುತ್ತೇವೆ. ಮನೆಗಳ ನಡುವೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮೈಕ್ ಹಾಕಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2000ದಿಂದಲೇ ಇದೆ. ಅದನ್ನು ಹಿಡಿದು ದೂರು ಕೊಟ್ಟವರು ಎಷ್ಟು ಜನ?

ಹಾಗೆಯೇ, ಕೇರಳದ 1969ರ ಆಡಳಿತ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಮುಂದಿನ ಸಲ ದೂರು ಕೊಡುವಾಗ ಕನ್ನಡದಲ್ಲೇ ಬರೆದುಕೊಡಿ. ರಶೀದಿ ಕೇಳಿ ತೆಗೆದುಕೊಳ್ಳಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.