ಪಿ0456: ಬೂಚು ಹಾಕಿದ್ದೇ ತಪ್ಪಾಯ್ತು

ಸಿಕ್ತು! ಕಾರಿನ ಪೆಟ್ರೋಲ್ ಆವಿ ಹೊರಹೋಗದಂತೆ ಹಿಡಿದಿಡುವ ವ್ಯವಸ್ಥೆಯಲ್ಲಿ (ಇವ್ಯಾಪ್) ಮೂರು ವಾರ ಆಟ ಆಡಿಸಿದ ಸೋರಿಕೆ ಕೊನೆಗೂ ಸಿಕ್ತು. ಪಿ0456 ಅನ್ನೋದು ಅಲ್ಲಿ ತೀರಾ ಸಣ್ಣ ಸೋರಿಕೆ ಇದೆ ಅಂತ ಕಾರು ಕೊಡುವ ದೋಷದ ಕೋಡ್. ಸರಿ ಹೋಯ್ತಾ ಅಂತ ಮಾತ್ರ ಈಗಲೇ ಕೇಳಬೇಡಿ.

ಟ್ಯಾಂಕಿನ ಮುಚ್ಚಳ ಬದಲಿಸಿದ್ದು, ಕೋಡ್ ಅಳಿಸಿದ್ದು, ಚೆಕ್ ಎಂಜಿನ್ ಲೈಟ್ ಮತ್ತೆ ಹತ್ತಿದ್ದು, ಎಲ್ಲ ಆಗಿಹೋದ ಕಥೆ. ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಬಿಚ್ಚಿ ಊದಿದೆ, ಗಾಳಿ ದಾಟಲಿಲ್ಲ, ಅಂದರೆ ಅದು ಸರಿ ಇದೆ. ಇನ್ನು ಒಳಗೆ ಹೊಗೆ ಬಿಟ್ಟು ಎಲ್ಲಿಂದ ಹೊರಬರುತ್ತೆ ಅಂತ ನೋಡುವುದೊಂದೇ ದಾರಿ. ಹೊಗೆ ತಳ್ಳೋಕೆ ನೈಟ್ರೋಜನ್, ಒತ್ತಡ ಅರ್ಧ ಪಿಎಸ್‌ಐ. ಅಳೆಯೋಕೆ ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಬಣ್ಣದ ನೀರು ತುಂಬಿದೆ. ಎರಡು ಕಡೆಯ ನೀರಿಗೆ 35 ಸೆಂಟಿಮೀಟರ್ ಅಂತರ ಬಂದರೆ ಅರ್ಧ ಪಿಎಸ್‌ಐ. ನನ್ನ ಗೇಜಿಗಿಂತ ಇದೇ ನಂಬಿಕಸ್ತ.

ಹೊರಗಿನ ಗಾಳಿ ಒಳಬರುವ ವೆಂಟ್ ಪೈಪಿನ ಬಾಯಿಗೆ ರಬ್ಬರ್ ಬೂಚು ಜಡಿದೆ, ಹೊಗೆ ತುಂಬಿದೆ, ಗ್ಯಾಸ್ ನಿಲ್ಲಿಸಿದೆ. ಐದು ನಿಮಿಷ ನೀರು ಅಲುಗಲಿಲ್ಲ. ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿದವನಿಗೆ ಸಿಕ್ಕಿದ್ದು ಕಣ್ಣಿಗೆ ಬಿದ್ದ ಮಣ್ಣು ಮಾತ್ರ. ಚಳಿಗೆ ಪಂಪಿನ ಓ-ರಿಂಗ್ ಗಟ್ಟಿಯಾಗಿ ಸೋರುತ್ತಿರಬಹುದು ಅಂತ ಬೆಳಗಿನ ಜಾವ ಎದ್ದು ಇನ್ನೊಮ್ಮೆ ಮಾಡಿದೆ. ಆಗಲೂ ಅಷ್ಟೇ. ಅರ್ಧ ಮಿಲಿಮೀಟರ್ ತೂತು ಇದೆ ಅನ್ನುವ ಇಸಿಯುಗೇ (ಎಂಜಿನ್ ಕಂಪ್ಯೂಟರ್) ತಲೆ ಕೆಟ್ಟಿದೆ ಅಂದುಕೊಂಡೆ.

ಮೊನ್ನೆ ಬೂಚು ಕೀಳುವಾಗ ಹೊಳೆಯಿತು. ಇಸಿಯು ಪರೀಕ್ಷೆ ಮಾಡುವಾಗ ಈ ಬೂಚು ಎಲ್ಲಿರುತ್ತೆ? ಆಗ ಆ ಪೈಪಿನ ದಾರಿ ಮುಚ್ಚೋದು ವೆಂಟ್ ವಾಲ್ವ್ ಅಲ್ವಾ! ಅದು ಸೋರಿದರೂ ಕಾಣದ ಹಾಗೆ ನಾನೇ ಬೂಚು ಜಡಿದಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.

ವಾಲ್ವಿನ ಮೇಲೆ ನನಗೆ ಅನುಮಾನವೇ ಇರಲಿಲ್ಲ. ಕಾಯಿಲ್ 24 ಓಮ್ ತೋರಿಸಿತ್ತು, 12 ವೋಲ್ಟ್ ಕೊಟ್ಟರೆ ಟಕ್ ಅಂದಿತ್ತು. ಟಕ್ ಅಂದರೆ ಅಲುಗಿದೆ ಅಂತ ಅಷ್ಟೇ, ಪೂರ್ತಿ ಮುಚ್ಚಿದೆ ಅಂತಲ್ಲ. ಈ ಸಲ ಬೂಚು ಇಲ್ಲದೆ, ಸ್ಕ್ಯಾನರಿನಿಂದ ವಾಲ್ವ್ ಮುಚ್ಚಿಸಿ ಹೊಗೆ ಬಿಟ್ಟೆ. ಪೈಪಿನ ಬಾಯಿಂದ ಊದುಬತ್ತಿಯ ಎಳೆಯಂಥ ಹೊಗೆ, ನಿಧಾನಕ್ಕೆ, ಮೇಲಕ್ಕೆ. ಒಬ್ಬನೇ ಕಿರುಚಿದೆ.

ಬಿಚ್ಚಿದರೆ ರಬ್ಬರಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಮರಳಿನ ಹರಳು. ಅದನ್ನು ತೆಗೆದರೆ ಕೆಳಗೆ ಉಗುರಿಗೆ ತಾಗುವಂಥ ಗೀರು.

ಹೊಸ ವಾಲ್ವ್ ತರಿಸಿದೆ. ಡಬ್ಬಿಯ ಮೇಲೆ ‘ಇವ್ಯಾಪ್ ವಾಲ್ವ್’ ಅಂತಷ್ಟೇ ಇತ್ತು, ಕನೆಕ್ಟರ್ ಕೂಡ ಸರಿಯಾಗಿ ಕೂತಿತು. ಕರೆಂಟ್ ಕೊಡದೆ ಊದಿದೆ, ಗಾಳಿ ಹೋಗಲಿಲ್ಲ. ಕಳಿಸಿದ್ದು ಪರ್ಜ್ ವಾಲ್ವ್! ಕರೆಂಟ್ ಇಲ್ಲದಾಗ ವೆಂಟ್ ವಾಲ್ವ್ ತೆರೆದಿರಬೇಕು, ಪರ್ಜ್ ವಾಲ್ವ್ ಮುಚ್ಚಿರಬೇಕು. ಮಾರುವವರಿಗೆ ಎರಡೂ ಒಂದೇ. ‘ಇದೂ ಆಗುತ್ತೆ ಸಾರ್, ಹಾಕಿ ನೋಡಿ’ ಅಂತ ಉತ್ತರ ಬಂತು.

ಈ ಮಧ್ಯೆ ಇನ್ನೊಂದು ಹುಚ್ಚು ಹತ್ತಿದೆ. ಟ್ಯಾಂಕ್ ಪ್ರೆಶರ್ ಸೆನ್ಸರಿಗೆ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಜೋಡಿಸಿ ರಾತ್ರಿಯಿಡೀ ಗ್ರಾಫ್ ಬರೆಸಬೇಕು. ಸೆನ್ಸರ್ 5 ವೋಲ್ಟಿನದು, ಬೋರ್ಡ್ 3.3ಕ್ಕಿಂತ ಜಾಸ್ತಿ ತಡೆಯಲ್ಲ, ಹಾಗಾಗಿ ವೋಲ್ಟೇಜ್ ಇಳಿಸೋಕೆ ಮಧ್ಯೆ ಎರಡು ರೆಸಿಸ್ಟರ್. ಡಬ್ಬಿ ಆಗಲೇ ರೆಡಿ, ಕೋಡ್ ಒಂದು ಸಾಲೂ ಬರೆದಿಲ್ಲ.

ಸದ್ಯಕ್ಕೆ ಹಳೇ ವಾಲ್ವನ್ನೇ ಒರೆಸಿ ಹಾಕಿದ್ದೇನೆ. ಐದು ನಿಮಿಷಕ್ಕೆ ನೀರು 35ರಿಂದ 33ಕ್ಕೆ ಇಳಿಯಿತು. ಇಷ್ಟನ್ನು ಇಸಿಯು ಒಪ್ಪುತ್ತಾ ನೋಡೋಣ ಅಂದರೆ, ಖುಷಿಯಲ್ಲಿ ನಿನ್ನೆ ಟ್ಯಾಂಕ್ ಫುಲ್ ಮಾಡಿಸಿಬಿಟ್ಟೆ. 85 ಪರ್ಸೆಂಟಿಗಿಂತ ಕೆಳಗಿಳಿಯದೆ ಅದು ಪರೀಕ್ಷೆಯನ್ನೇ ಶುರು ಮಾಡಲ್ಲ. ಪೆಟ್ರೋಲ್ ಖರ್ಚು ಮಾಡೋಕೆ ಇವತ್ತು ಸಂಜೆಯಿಂದ ಸುಮ್ನೆ ಸುತ್ತುತ್ತಿದ್ದೇನೆ.