ಮಗುವಿಗೆ ಡರ್ಟ್ ಬೈಕ್ ಕಲಿಸೋಕೆ ಎಷ್ಟು ವಯಸ್ಸಾಗಿರಬೇಕು?

ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೂ ಇದೇ ಪ್ರಶ್ನೆ, ಪುಣೆಯ ಕೋಥ್ರೂಡ್‌ನಲ್ಲಿ ತರಕಾರಿ ಆರಿಸುತ್ತ ನಿಂತಿದ್ದರೂ ಇದೇ ಪ್ರಶ್ನೆ. "ನಿಮ್ಮ ಮಗಳು ಮಣ್ಣಲ್ಲಿ ಸಣ್ಣ ಡರ್ಟ್ ಬೈಕ್ ಓಡಿಸ್ತಾಳಂತಲ್ಲ, ಎಷ್ಟನೇ ವಯಸ್ಸಿಗೆ ಶುರು ಮಾಡಿಸಿದ್ರಿ? ನಮ್ಮ ಹುಡುಗಂಗೆ ಈಗ ಐದು, ಆಗುತ್ತಾ?" ಕೇಳುವವರಿಗೆ ಒಂದು ನಂಬರ್ ಬೇಕು. ಆರು ಅಂತಲೋ ಎಂಟು ಅಂತಲೋ ಹೇಳಿದರೆ ನೆಮ್ಮದಿಯಾಗಿ ಹೋಗುತ್ತಾರೆ. ನಾನು ಹೇಳುವುದಿಲ್ಲ. ಅವರನ್ನೇ ಕೇಳುತ್ತೇನೆ: "ಅವನಿಗೆ ಸೈಕಲ್ ನಿಲ್ಲಿಸೋಕೆ ಬರುತ್ತಾ?"

ಹೊಡೆಯೋಕೆ ಅಲ್ಲ, ನಿಲ್ಲಿಸೋಕೆ. ನಿಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಸಂಜೆ ಆಡುವ ಮಕ್ಕಳನ್ನು ಒಮ್ಮೆ ನೋಡಿ. ಒಬ್ಬ ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸುತ್ತಾನೆ. ಇನ್ನೊಬ್ಬ ಕಾಂಪೌಂಡ್ ಗೋಡೆಗೆ ಗುದ್ದಿ ನಿಲ್ಲಿಸುತ್ತಾನೆ. ಮತ್ತೊಬ್ಬ ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟು ತಾನೇ ಜಿಗಿಯುತ್ತಾನೆ. ಎರಡೂ ಬ್ರೇಕ್ ಮೆಲ್ಲಗೆ ಹಿಡಿದು, ಎಳೆದ ಗೆರೆಯ ಹತ್ತಿರ ನಿಂತು, ಕಾಲು ಊರುವ ಮಗು ಐದಕ್ಕೂ ಸಿಗಬಹುದು, ಒಂಬತ್ತಕ್ಕೂ ಸಿಗದೆ ಇರಬಹುದು. ಪೆಡಲ್ ತುಳಿಯುವುದು ಬಿಟ್ಟರೆ ಸೈಕಲ್ ತಾನೇ ಸುಸ್ತಾಗಿ ನಿಲ್ಲುತ್ತದೆ. ಇಂಜಿನ್‌ಗೆ ಆ ಸುಸ್ತು ಇಲ್ಲ.

ನಮ್ಮ ಮನೆಗೆ ಈ ಹುಚ್ಚು ಹತ್ತಿದ್ದು 2024ರ ಜನವರಿ 28ರಂದು. ಬಾಲೆವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊಟ್ಟಮೊದಲ ಸುತ್ತು ನಡೆದಿತ್ತು. ದೊಡ್ಡವರು ಮಣ್ಣಿನ ದಿಬ್ಬ ಹಾರುವಾಗ ಮಗಳು ಪಾಪ್‌ಕಾರ್ನ್ ತಿನ್ನುತ್ತಿದ್ದಳು. 85 ಸಿಸಿ ಗಾಡಿಗಳ ಮೇಲೆ ಜೂನಿಯರ್‌ಗಳು ಬಂದಾಗ ತಿನ್ನುವುದು ನಿಂತಿತು. "ಅಮ್ಮಾ, ಅವರೂ ಸಣ್ಣವರೇ ಅಲ್ವಾ?" ಆಗ ಅವಳಿಗೆ ಆರು.

ನಮ್ಮ ಯಜಮಾನರು ಅಂಜುವ ಪೈಕಿ. ಗಾಡಿ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಹುಬ್ಬಳ್ಳಿಯಲ್ಲಿ ಅಪ್ಪನ ಲೂನಾ ಮೇಲೆ ಕಲಿತವಳು. ಇದೇ ಪುಣೆಯ ಕೈನೆಟಿಕ್‌ನವರು 1972ರಲ್ಲಿ ತಂದ 50 ಸಿಸಿ ಗಾಡಿ ಅದು. ನನಗೆ ಆಗ ಹದಿಮೂರು. ಅಪ್ಪ ಹಿಂದೆ ಓಡುತ್ತ "ರೇಸ್ ಕೊಡು, ರೇಸ್ ಕೊಡು" ಅಂತ ಕೂಗಿದ್ದು ನೆನಪಿದೆ. ಬ್ರೇಕ್ ಬಗ್ಗೆ ಏನಾದರೂ ಹೇಳಿದ್ದು ನೆನಪಿಲ್ಲ. ಲೈಸೆನ್ಸ್ ಬಗ್ಗೆಯಂತೂ ಯಾರಿಗೂ ಪರಿವೆಯೇ ಇರಲಿಲ್ಲ.

ಈಗ ಹಾಗೆ ನಡೆಯುವುದಿಲ್ಲ, ನಡೆಯಲೂ ಬಾರದು. 2024ರ ಮೇ ತಿಂಗಳಲ್ಲಿ ಪುಣೆಯದೇ ಕಲ್ಯಾಣಿ ನಗರದಲ್ಲಿ, ಹದಿನೇಳರ ಹುಡುಗ ಓಡಿಸುತ್ತಿದ್ದ ಎನ್ನಲಾದ ಕಾರು ಬಡಿದು ಇಬ್ಬರು ಎಳೆಯ ಇಂಜಿನಿಯರ್‌ಗಳು ಸತ್ತರು. ಆಮೇಲೆ ಮೂರು ತಿಂಗಳು ನಮ್ಮ ಮನೆಯಲ್ಲಿ ಬೈಕ್ ಮಾತೇ ಇಲ್ಲ. ಕಾನೂನು ಸರಳವಾಗಿದೆ: ರಸ್ತೆಯ ಮೇಲೆ 50 ಸಿಸಿವರೆಗಿನ ಗಾಡಿಗೂ ಹದಿನಾರು ತುಂಬಿರಬೇಕು, ಉಳಿದದ್ದಕ್ಕೆ ಹದಿನೆಂಟು. 2019ರ ತಿದ್ದುಪಡಿ ಆದ ಮೇಲೆ, ಮಗು ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ತಂದೆ-ತಾಯಿ ಅಥವಾ ಗಾಡಿ ಮಾಲೀಕರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಮತ್ತು ಆ ಮಗುವಿಗೆ ಇಪ್ಪತ್ತೈದು ತುಂಬುವ ತನಕ ಲೈಸೆನ್ಸ್ ಇಲ್ಲ. ಆದ್ದರಿಂದ ನಂಬರ್ ಪ್ಲೇಟ್ ಇಲ್ಲದ ಈ ಗಾಡಿ ಓಡಬೇಕಾದದ್ದು ಬೇಲಿ ಹಾಕಿದ ಖಾಸಗಿ ಜಾಗದಲ್ಲಿ ಮಾತ್ರ. "ಸೊಸೈಟಿ ಒಳಗೆ ಒಂದೇ ರೌಂಡ್" ಅನ್ನುವವರಿಗೂ ನನ್ನ ಉತ್ತರ ಬೇಡ ಅಂತಲೇ. ಅಲ್ಲಿ ಕಾಂಕ್ರೀಟ್ ಇದೆ, ಕಂಬಗಳಿವೆ, ವಾಕಿಂಗ್ ಬರುವ ಅಜ್ಜ-ಅಜ್ಜಿ ಇದ್ದಾರೆ.

ನಮಗೆ ಜಾಗ ಸಿಕ್ಕಿದ್ದು ಪುಣ್ಯ. ಪಿರಂಗುಟ್ ಆಚೆ ಪರಿಚಯದವರ ಪ್ಲಾಟ್. ಮನೆ ಕಟ್ಟೋಕೆ ಅಂತ ಗರಸು ಹಾಕಿ ಸಮ ಮಾಡಿ, ದುಡ್ಡು ಸಾಲದೆ ಹಾಗೇ ಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ಆರಕ್ಕೆ ಚಾಂದನಿ ಚೌಕ ದಾಟಿದರೆ ಭೂಗಾವ್‌ನ ಟ್ರಾಫಿಕ್ ಏಳುವ ಮೊದಲೇ ಅಲ್ಲಿರಬಹುದು.

ಇನ್ನು ನನ್ನ ದಡ್ಡತನದ ಕಥೆ. ಮೊದಲು ಆನ್‌ಲೈನ್‌ನಲ್ಲಿ ಅಗ್ಗದ ಗಾಡಿ ತರಿಸಿದೆ. 49 ಸಿಸಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಒಂದು ಲೀಟರ್ ಪೆಟ್ರೋಲ್‌ಗೆ 40 ಮಿಲಿ ಟೂ-ಟಿ ಆಯಿಲ್ ಬೆರೆಸಿ ಹಾಕಿದೆ, ಅಪ್ಪನ ಹಾಗೆ ಹಿಂದೆ ನಿಂತೆ, "ಮೆಲ್ಲಗೆ ರೇಸ್ ಕೊಡು" ಅಂದೆ. ಅವಳು ಮೆಲ್ಲಗೇ ಕೊಟ್ಟಳು. ಗಾಡಿ ಹತ್ತು ಅಡಿ ಚೆನ್ನಾಗಿ ಹೋಯಿತು. ಆಮೇಲೆ ಒಮ್ಮೆಲೇ ಕಿರುಚಿತು. ಗಾಡಿಯೋ ಮಗಳೋ ಗೊತ್ತಾಗಲಿಲ್ಲ, ಇಬ್ಬರೂ ಇರಬೇಕು. ನೇರ ಪಕ್ಕದ ಗದ್ದೆಯವರ ಹುಲ್ಲಿನ ಬಣವೆಗೆ. ನಾನು ಓಡಿ ಹೋಗುವಷ್ಟರಲ್ಲಿ ಹೆಲ್ಮೆಟ್ ಒಳಗಿಂದ ಹುಲ್ಲು ಉಗುಳುತ್ತ ಎದ್ದು ನಿಂತಿದ್ದಳು. ಅಡ್ಡ ಬಿದ್ದ ಗಾಡಿಯ ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು. ಇಂಜಿನ್ ಬಂದ್ ಮಾಡುವ ಸ್ವಿಚ್ ಎಲ್ಲಿದೆ ಅಂತ ನಾನೇ ಹುಡುಕಬೇಕಾಯಿತು.

ಕೇಬಲ್ ಸಿಕ್ಕಿಕೊಂಡಿದೆ ಅಂತ ಬೈಯುತ್ತ ಮೆಕ್ಯಾನಿಕ್ ಹತ್ತಿರ ಒಯ್ದೆ. ಆತ ತಿರುಗಿಸಿ ಬಿಟ್ಟ, ಟಪ್ ಅಂತ ವಾಪಸ್ ಬಂತು. ಇನ್ನೊಮ್ಮೆ, ಮತ್ತೊಮ್ಮೆ. "ತಾಯಿ, ಕೇಬಲ್ ಸರಿಯಿದೆ, ಹುಡುಗಿ ಕೈ ಬಿಟ್ಟಿಲ್ಲ," ಅಂತ ಮರಾಠಿಯಲ್ಲಿ ಹೇಳಿದ.

ಅಲ್ಲಿ ನನಗೆ ಬುದ್ಧಿ ಬಂತು. ಗಾಡಿ ಮುಂದಕ್ಕೆ ಜಿಗಿದಾಗ ಮೈ ಹಿಂದಕ್ಕೆ ಹೋಗುತ್ತದೆ. ಬೀಳಬಾರದು ಅಂತ ಮಗು ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತದೆ. ಮೈ ಹಿಂದಕ್ಕೆ ಜಗ್ಗಿದಂತೆ ಮಣಿಕಟ್ಟು ಕೆಳಕ್ಕೆ ಬಾಗುತ್ತದೆ, ಎಕ್ಸಲೇಟರ್ ಇನ್ನೂ ತಿರುಗುತ್ತದೆ. ಗಾಡಿ ಇನ್ನೂ ಜಿಗಿಯುತ್ತದೆ, ಮಗು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಹೆದರಿದಷ್ಟೂ ಸ್ಪೀಡ್ ಜಾಸ್ತಿ. ಇಂಥ ಹೊತ್ತಲ್ಲಿ "ಬಿಡು, ಬಿಡು" ಅಂತ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಮೇಲಾಗಿ ಆ ಗಾಡಿಯ ಬ್ರೇಕ್ ಎಷ್ಟು ಬಿಗಿ ಇತ್ತೆಂದರೆ ನನ್ನ ಬೆರಳಿಗೇ ನೋವಾಗುತ್ತಿತ್ತು. ಅವಳ ಬೆರಳ ತುದಿಯಂತೂ ಅದನ್ನು ಮುಟ್ಟುವುದೇ ಕಷ್ಟ. ನಾನು ಅದನ್ನು ಕೊಳ್ಳುವಾಗ ನೋಡಿದ್ದು ಬಣ್ಣ.

ಆಮೇಲೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಯಮಹಾ ಪಿಡಬ್ಲ್ಯೂ50. ಪೇಟೆಯ ಶೋರೂಮ್‌ಗೆ ಹೋಗಿ ಕೇಳಿದರೆ ಸಿಗುವ ಗಾಡಿ ಅಲ್ಲ, ಯಾರಾದರೂ ಮಕ್ಕಳು ದೊಡ್ಡವರಾದ ಮೇಲೆ ಮಾರಿದರೆ ಉಂಟು. 1981ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿದೆ. ಸೀಟು ಅರ್ಧ ಮೀಟರ್‌ಗಿಂತ ಕೆಳಗೆ, ತೂಕ 40 ಕಿಲೋ ಆಸುಪಾಸು, ಹಾಗಾಗಿ ಕಾರಿನ ಹಿಂದಿನ ಸೀಟು ಮಡಚಿದರೆ ಒಳಗೇ ಹಿಡಿಸುತ್ತದೆ. ಕ್ಲಚ್ ಇಲ್ಲ, ಗೇರ್ ಇಲ್ಲ, ಬೆರಳು ಸಿಕ್ಕಿಕೊಳ್ಳೋಕೆ ಚೈನೂ ಇಲ್ಲ. ಎರಡೂ ಬ್ರೇಕ್ ಕೈಯಲ್ಲೇ, ಸೈಕಲ್ ಹಾಗೆ. ಇದೇ ದೊಡ್ಡ ವಿಷಯ, ಯಾಕೆಂದರೆ ಸೈಕಲ್ ಮೇಲೆ ಕಲಿತದ್ದು ಇಲ್ಲಿ ಹಾಗೇ ನಡೆಯುತ್ತದೆ. ಎಕ್ಸಲೇಟರ್ ಹತ್ತಿರ ಒಂದು ಸ್ಕ್ರೂ ಇದೆ. ಅದನ್ನು ಒಳಗೆ ತಿರುಗಿಸಿಟ್ಟರೆ ಮಗು ಎಷ್ಟೇ ತಿರುವಿದರೂ ಗಾಡಿ ಮನುಷ್ಯರು ಓಡುವಷ್ಟೇ ವೇಗದಲ್ಲಿ ಹೋಗುತ್ತದೆ. ಹೋಂಡಾ ಸಿಆರ್‌ಎಫ್50 ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. ಒಳ್ಳೆಯದೇ, ಆದರೆ 50 ಕಿಲೋ ತೂಕ, ಮೂರು ಗೇರ್, ಹಿಂದಿನ ಬ್ರೇಕ್ ಕಾಲಲ್ಲಿ. ಅದು ಎರಡನೇ ಗಾಡಿ.

ಈ ಸಲ ಅಪ್ಪನ ಪಾಠವನ್ನು ತಿರುವುಮುರುವು ಮಾಡಿದೆ. ಮೊದಲ ಎರಡು ಭಾನುವಾರ ಇಂಜಿನ್ನೇ ಇಲ್ಲ. ಪ್ಲಾಟ್‌ನ ಒಂದು ಮೂಲೆ ಸ್ವಲ್ಪ ಇಳಿಜಾರು. ಅಲ್ಲಿ ಗಾಡಿ ಉರುಳಲು ಬಿಟ್ಟು, ರಂಗೋಲಿ ಪುಡಿಯಲ್ಲಿ ಎಳೆದ ಗೆರೆ ಮೇಲೆ ನಿಲ್ಲಿಸುವುದು, ಮತ್ತೆ ಮೇಲಕ್ಕೆ ತಳ್ಳುವುದು. ತಳ್ಳುವ ಕೆಲಸ ಯಜಮಾನರದ್ದು. ಮೂರನೇ ವಾರ ಇಂಜಿನ್ ಶುರುವಾಯಿತು, ಆದರೆ ಹತ್ತು ಅಡಿ ಹೋಗಿ ನಿಲ್ಲುವುದು ಅಷ್ಟೇ. ಹೊರಡುವಾಗ ಎರಡೆರಡು ಬೆರಳು ಬ್ರೇಕ್ ಮೇಲೇ ಇರಬೇಕು, ಮೊಣಕೈ ಹೊರಕ್ಕೆ ಎತ್ತಿರಬೇಕು. ಮೊಣಕೈ ಮೇಲಿದ್ದರೆ ಮಣಿಕಟ್ಟು ಕೆಳಗೆ ಬಾಗುವುದು ಕಷ್ಟ. "ಕೋಳಿ ರೆಕ್ಕೆ" ಅಂತ ಹೆಸರಿಟ್ಟೆವು. ಈಗಲೂ "ರೆಕ್ಕೆ!" ಅಂತ ಕೂಗಿದರೆ ಸಾಕು, ಮೊಣಕೈ ಏಳುತ್ತದೆ.

ಇದರ ಜೊತೆ ಇನ್ನೊಂದು ಉಪಾಯ. ಹ್ಯಾಂಡಲ್‌ಗೆ ಒಂದು ಸ್ವಿಚ್ ಕೂರಿಸಿದೆ. ಅದರ ದಾರ ಎಳೆದರೆ ಇಂಜಿನ್ ಬಂದ್. ದಾರ ಗಿಡ್ಡ ಇತ್ತು ಅಂತ ಯಜಮಾನರ ಪೈಜಾಮದ ಲಾಡಿ ಕಟ್ಟಿ ಉದ್ದ ಮಾಡಿ, ತುದಿ ಕೈಯಲ್ಲಿ ಹಿಡಿದು ಹಿಂದೆ ಓಡಿದೆ. ಮೊದಲ ದಿನ ಹದಿನೈದು ಸಲವಾದರೂ ಎಳೆದಿರಬೇಕು, ಅದರಲ್ಲಿ ಹನ್ನೆರಡು ನನ್ನದೇ ಅಂಜಿಕೆಗೆ.

ಹೆಲ್ಮೆಟ್, ಮೊಣಕಾಲಿನ ಗಾರ್ಡ್, ಪಾದದ ಗಂಟು ಮುಚ್ಚುವ ಬೂಟು, ಪೂರ್ತಿ ಬೆರಳಿನ ಕೈಗವಸು: ಇದರಲ್ಲಿ ಚೌಕಾಶಿ ಬೇಡ. ಗಾಡಿ ಹಳೆಯದಾದರೂ ನಡೆದೀತು, ಹೆಲ್ಮೆಟ್ ಹೊಸದೇ ಆಗಬೇಕು. ಅಣ್ಣನದೋ ಅಪ್ಪನದೋ ಹಾಕಿಸಬೇಡಿ. ಪಟ್ಟಿ ಬಿಗಿದ ಮೇಲೆ ತಲೆ ಅಲ್ಲಾಡಿಸಲು ಹೇಳಿ. ಹೆಲ್ಮೆಟ್ ಬೇರೆ, ತಲೆ ಬೇರೆ ತಿರುಗಿದರೆ ಅದು ದೊಡ್ಡದು ಅಂತ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ. ಬೀಳುವುದು ಯಾವಾಗಲೂ "ಇನ್ನೊಂದೇ ರೌಂಡ್" ಅಂದಾಗಲೇ.

ಧಾರವಾಡದಿಂದ ಅತ್ತೆಯ ಫೋನ್ ಬಂದಿತ್ತು. "ಏನವಾ, ಹುಡುಗಿಗೆ ಫಟಫಟಿ ಕಲಸಾಕತ್ತೀಯಂತ? ನಾಳೆ ಹಲ್ಲು ಮುರ್ಕೊಂಡ್ರ ಯಾರ ಲಗ್ನಾ ಮಾಡ್ಕೋತಾರ ಅಕಿನ್ನ?" "ಹಾಲಹಲ್ಲರಿ ಅತ್ತಿ, ಹೆಂಗೂ ಬೀಳತಾವ," ಅಂದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾಗಿ, "ಮತ್ತ ವಿಡಿಯೋನರ ಕಳಸು," ಅಂದರು.

ಎಂಟನೆಯದೋ ಒಂಬತ್ತನೆಯದೋ ಭಾನುವಾರ. ಸ್ಕ್ರೂ ಒಂದು ಸುತ್ತು ಸಡಿಲ ಮಾಡಿದ್ದೆ. ಲಾಡಿ ಹಿಡಿದು ಓಡಲು ಆಗದಷ್ಟು ವೇಗ ಬಂದಿದ್ದರಿಂದ ಅದನ್ನು ಬಿಚ್ಚಿ, ಗಿಡ್ಡ ದಾರವನ್ನು ಅವಳ ಕೈಗೇ ಕಟ್ಟಿದ್ದೆ. ಎರಡನೇ ಸುತ್ತಿನಲ್ಲಿದ್ದಾಗ ಬೇಲಿಯ ಸಂದಿಯಿಂದ ಆಡುಗಳು ನುಗ್ಗಿದವು. ಒಂದಲ್ಲ, ಆರೇಳು. ಕೂಗೋಕೆ ಬಾಯಿ ತೆರೆದೆ, ದನಿ ಬರಲಿಲ್ಲ. ಮಗಳ ಮೊಣಕೈ ಎದ್ದದ್ದು ಕಂಡಿತು, ಹಿಂದಿನ ಗಾಲಿ ಗರಸಿನ ಮೇಲೆ ಒಂದು ಗೇಣು ಜಾರಿತು, ಗಾಡಿ ನಿಂತಿತು. ಎರಡೂ ಕಾಲು ನೆಲದ ಮೇಲೆ. ಮುಂದಿನ ಗಾಲಿಗೂ ಆಡಿಗೂ ನಡುವೆ ಇನ್ನೊಂದು ಆಡು ನಿಲ್ಲುವಷ್ಟು ಜಾಗ ಇತ್ತು. ಆಡು ಕಾಯುವ ಅಜ್ಜ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿ, ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿ, ಆಡುಗಳನ್ನು ಹೊಡೆದುಕೊಂಡು ಹೋದ.

ಆವತ್ತಿಗೆ ಅವಳಿಗೆ ಏಳು ವರ್ಷ, ಎರಡು ತಿಂಗಳು. ನಂಬರೇ ಬೇಕು ಅನ್ನುವವರು ಬೇಕಾದರೆ ಅದನ್ನು ಬರೆದುಕೊಳ್ಳಿ.